ಬಿಸಿಲ್ಗುದುರೆಯನ್ನು ಕಾಣುವ ಕಣ್ಣು

ಮಂಗಳವಾರದ ಅಪರಾಹ್ನ 3 ಗಂಟೆಯಿಂದ 4.30ರ ವರೆಗೆ, ರಾಹುಕಾಲವು ಸಲ್ಲುವ ಆ ಅವಧಿಯಲ್ಲಿ, ಬನಶಂಕರಿಯ ದೇವಾಲಯದ ಅಂಗಳದಲ್ಲಿ ನಿಂಬೆಯ ಹೋಳನ್ನು ಹಿಂಡಿ, ಮಗುಚಿ, ಅದರ ಕಿರುಬಟ್ಟಲಲ್ಲಿ ಎಣ್ಣೆಬತ್ತಿಯನ್ನಿಟ್ಟು ದೀಪ ಬೆಳಗುವ ಹೆಂಗಳೆಯರ ನಡುವೆ ನಿಂತು, ದೀಪದ ಕುಡಿಯ ಮೇಲಷ್ಟೇ ಅಲ್ಲದೆ ಪಕ್ಕದ ನೆಲದ ಮೇಲೂ ದೃಷ್ಟಿಯನ್ನು ನಿಲ್ಲಿಸಿದವರಿಗೆ ಒಂದು ಸೂಕ್ಷ್ಮವಾದ ದೃಶ್ಯವು ಗೋಚರಿಸುತ್ತದೆ. ಸೂರ್ಯನು ಆ ಹೊತ್ತಿಗೆ ಪಶ್ಚಿಮಕ್ಕೆ ವಾಲಿರುವುದರಿಂದ ದೀಪದ ನೆರಳು ಓರೆಯಾಗಿ ಚಾಚಿರುತ್ತದೆ. ಕುಡಿಯ ನೆರಳಾದರೋ ಬಲು ತೆಳು. ಆದರೆ ಆ ಕುಡಿಯ ನೆರಳು ಮುಗಿದಲ್ಲಿಂದ ಮುಂದಕ್ಕೆ, ಕಣ್ಣಿಗೆ ಏನೂ ಇಲ್ಲವೆಂದು ತೋರುವ ಬಯಲಿಗೇ ನೆರಳು ಮೂಡಿತೆಂಬಂತೆ, ನಡುವೆ ಮಸುಕಾಗಿಯೂ ಅಂಚುಗಳಲ್ಲಿ ಸುತ್ತಣ ಬಿಸಿಲಿಗಿಂತ ಉಜ್ಜ್ವಲವಾಗಿಯೂ ಇರುವ ಒಂದು ಎಳೆಯು ನಡುಗುತ್ತ, ಕವಲೊಡೆಯುತ್ತ ನೆಲದ ಮೇಲೆ ಹರಿಯುತ್ತಿರುತ್ತದೆ. ಅದು ದೀಪದಿಂದ ಮೇಲೇರುತ್ತಿರುವ ಬಿಸಿಗಾಳಿಯ ನೆರಳು. ಉಪಕರಣವೆಂಬ ಹೆಸರಿಗೆ ಅಲ್ಲಿ ಯಾವ ವಸ್ತುವೂ ಇಲ್ಲ. ಸೂರ್ಯನೂ ದೀಪವೂ ನೆಲವೂ ಸೇರಿ ಅದೃಶ್ಯವಾದುದೊಂದನ್ನು ದೃಶ್ಯವನ್ನಾಗಿ ಮಾಡಿವೆ.

ಇಂಥ ದರ್ಶನಕ್ಕೆ ವಿಜ್ಞಾನಿಗಳು ಕಂಡುಕೊಂಡಿರುವ ಮಾರ್ಗಗಳು ಹಲವು. ಅವುಗಳಲ್ಲಿ ಯಾವುದು ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲುದು, ನಮ್ಮ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಶಾಲಾಕಾಲೇಜುಗಳು ಯಾವುದನ್ನು ತಮ್ಮದನ್ನಾಗಿ ಮಾಡಿಕೊಳ್ಳಬೇಕು ಎಂಬ ವಿಚಾರವನ್ನು ಸಾರ್ವಜನಿಕರ ಮುಂದೆ ಇಡಬೇಕೆಂದು ಬಹುದಿನಗಳಿಂದ ನನ್ನ ಮನಸ್ಸಿನಲ್ಲಿತ್ತು. ಕೊಳ್ಳುವ ಮುನ್ನ ವಿವೇಚಿಸದಿದ್ದರೆ, ಹಣವೂ ಹೋಗಿ, ಕಾಣಬೇಕಾದುದೂ ಕಾಣದೆ ಹೋಗುತ್ತದೆ.

ಬಿಸಿಲಿನ ಝಳವು ಅಲೆಯಲೆಯಾಗಿ ಕುಣಿಯುವುದನ್ನು ನಮ್ಮ ಹಿರಿಯರು ಎಷ್ಟು ತೀಕ್ಷ್ಣವಾಗಿ ನೋಡಿದ್ದರೆಂಬುದಕ್ಕೆ ‘ಬಿಸಿಲ್ಗುದುರೆ’ ಎಂಬ ಒಂದು ಮಾತೇ ಸಾಕು. ಸಂಸ್ಕೃತದ ಮೃಗತೃಷ್ಣೆಯು ನೀರಡಿಸಿದ ಜಿಂಕೆಯ ಭ್ರಾಂತಿಯನ್ನು ಹೇಳುತ್ತದೆ; ಕನ್ನಡದ ಮಾತಾದರೋ ಆ ಬೆಳಕಿನ ಓಟವನ್ನೇ, ಕೇಸರ ಕೊಡವಿ ನೆಗೆಯುವ ಅದರ ಗತಿಯನ್ನೇ ಹಿಡಿದುಕೊಟ್ಟಿದೆ. ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಕನಕಪುರ ರಸ್ತೆಯ ಡಾಂಬರಿನ ಮೇಲೆ ದೂರಕ್ಕೆ ಕಣ್ಣು ಹಾಯಿಸಿದರೆ ಈಗಲೂ ಆ ಕುದುರೆ ಓಡುತ್ತಿರುವುದನ್ನು ಕಾಣಬಹುದು. ಅದಕ್ಕೆ ಕಾರಣವೂ ಸರಳವಾದುದೇ. ಗಾಳಿಯ ವಕ್ರೀಭವನ ಸೂಚ್ಯಂಕವು ನಮ್ಮ ಮನೆಯ ಸಾಮಾನ್ಯ ಉಷ್ಣತೆಯಲ್ಲಿ 1.00027ರಷ್ಟಿರುತ್ತದೆ, ಗಾಳಿಯು ಕಾದು ಹಿಗ್ಗಿದಂತೆಲ್ಲ ಅದರ ಸಾಂದ್ರತೆ ತಗ್ಗಿ, ಸೂಚ್ಯಂಕವು ಪ್ರತಿಯೊಂದು ಡಿಗ್ರಿಗೂ ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲಿನಂತೆ ಇಳಿಯುತ್ತದೆ. ಬಿಸಿಗಾಳಿಯನ್ನು ಹಾದುಹೋಗುವ ಬೆಳಕು ಇಷ್ಟು ಅತ್ಯಲ್ಪವಾದ ವ್ಯತ್ಯಾಸದಿಂದಲೇ ತನ್ನ ದಾರಿಯಿಂದ ಒಂದಿಷ್ಟು ಬಾಗುತ್ತದೆ. ಮುಂದೆ ಹೇಳಲಿರುವ ಬಹುತೇಕ ವಿಧಾನಗಳು ಈ ಬಾಗನ್ನು, ಇಲ್ಲವೇ ಅದರೊಡನೆ ಬೆಳಕಿಗೆ ಆಗುವ ಕಾಲವಿಳಂಬದ ವ್ಯತ್ಯಾಸವನ್ನು, ಹಿಡಿಯುವ ಬಗೆಗಳು.

ಬನಶಂಕರಿಯ ಅಂಗಳದಲ್ಲಿ ಕಂಡದ್ದು ಛಾಯಾಲೇಖ. ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ಹೆಸರಾದ ಝಾನ್ ಪೋಲ್ ಮರಾ, ರಾಜಕೀಯಕ್ಕೆ ಇಳಿಯುವ ಮುನ್ನ ವೈದ್ಯನೂ ಭೌತವಿಜ್ಞಾನದ ಆಸಕ್ತನೂ ಆಗಿದ್ದ ಕಾಲದಲ್ಲಿ, 1780ರಲ್ಲಿ, ಉರಿಯಿಂದೇಳುವ ಬಿಸಿಯ ಇಂಥದೇ ನೆರಳಿನ ಚಿತ್ರಗಳನ್ನು ಅಚ್ಚುಹಾಕಿಸಿದನು. ಈ ವಿಧಾನಕ್ಕೆ ಬೇಕಾದುದು ಕಿರಿದಾದ ಒಂದು ಬೆಳಕಿನ ಮೂಲ ಮತ್ತು ಬಿಳಿಯ ಗೋಡೆ, ಇಷ್ಟೇ. ಆದರೆ ನೆರಳು ತೋರಿಸುವುದು ಸಾಂದ್ರತೆಯನ್ನೂ ಅಲ್ಲ, ಸಾಂದ್ರತೆಯ ಏರಿಳಿತವನ್ನೂ ಅಲ್ಲ. ಆ ಏರಿಳಿತವು ಎಲ್ಲಿ ತೀವ್ರವಾಗಿ ಬದಲಾಗುತ್ತದೆಯೋ ಆ ಎಡೆಯನ್ನು ಮಾತ್ರ. ಮೆಲ್ಲಮೆಲ್ಲನೆ ಬದಲಾಗುವ ಮೃದುವಾದ ಬಿಸಿಯು ಅದರ ಕಣ್ಣಿಗೆ ಬೀಳುವುದಿಲ್ಲ. ಅದಲ್ಲದೆ ಸೂರ್ಯಬಿಂಬವು ಅರ್ಧ ಡಿಗ್ರಿಯಷ್ಟು ಅಗಲವಾಗಿರುವುದರಿಂದ ಬಿಸಿಲಿನಲ್ಲಿ ಬಿದ್ದ ನೆರಳಿನ ಅಂಚು ತಾನಾಗಿಯೇ ಮಸುಳುತ್ತದೆ; ದೀಪದ ಬಿಸಿಯು ಆ ಮಸುಕನ್ನು ಮೀರಿ ತೋರಬಲ್ಲುದು, ಅಂಗೈಯ ಬಿಸಿಯು ತೋರಲಾರದು.

ಅಂಗೈಯ ಬಿಸಿಯನ್ನು ಕಾಣಬೇಕಾದರೆ ದರ್ಪಣವೂ ಅಲಗೂ ಬೇಕು. ನಾನು ಮನಸೋತಿರುವುದು ಈ ವಿಧಾನಕ್ಕೇ, ಮತ್ತು ಅದಕ್ಕೆ ನಮ್ಮ ಊರಿನೊಡನೆ ಇರುವ ಸಂಬಂಧಕ್ಕೆ. ಬಿ.ಟಿ.ಎಂ. ಬಡಾವಣೆಗೆ ಅನತಿದೂರದಲ್ಲಿ, ಕೋರಮಂಗಲದಲ್ಲಿರುವ ಖಭೌತವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ, 2.34 ಮೀಟರ್ ವ್ಯಾಸದ ಒಂದು ಮಹಾದರ್ಪಣವನ್ನು ವರ್ಷಗಟ್ಟಲೆ ಉಜ್ಜಿ ನಯಗೊಳಿಸಿ ಸಿದ್ಧಪಡಿಸಲಾಯಿತು. ಕಾವಲೂರಿನ ಬೆಟ್ಟದ ಮೇಲೆ 1986ರ ಜನವರಿಯಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾದ ವೇಣು ಬಾಪು ದೂರದರ್ಶಕದ ಕಣ್ಣು ಅದು. ದರ್ಪಣವನ್ನು ಉಜ್ಜುವವರು, ಅದರ ಮೈಯಲ್ಲಿ ಕೂದಲೆಳೆಗಿಂತ ಬಹಳ ಸೂಕ್ಷ್ಮವಾದ ಉಬ್ಬುತಗ್ಗುಗಳಿದ್ದರೂ ಅರಿತುಕೊಳ್ಳುವುದಕ್ಕಾಗಿ, ಲಿಯೋನ್ ಫೂಕೋ ಎಂಬ ಫ್ರೆಂಚ್ ವಿಜ್ಞಾನಿಯು 1859ರ ಸುಮಾರಿಗೆ ಬಳಕೆಗೆ ತಂದ ಒಂದು ಪರೀಕ್ಷೆಯನ್ನು ಅನುಸರಿಸುತ್ತ ಬಂದಿದ್ದಾರೆ. ಸೂಜಿರಂಧ್ರದಿಂದ ಹೊರಟ ಬೆಳಕು ನಿಮ್ನದರ್ಪಣಕ್ಕೆ ತಾಕಿ ಹಿಂದಿರುಗಿ ಒಂದು ಬಿಂದುವಿನಲ್ಲಿ ಕೂಡುವಲ್ಲಿ ಕ್ಷೌರದ ಅಲಗೊಂದನ್ನು ಅಡ್ಡವಾಗಿ ಮೆಲ್ಲನೆ ತಂದರೆ, ದರ್ಪಣವು ನಿರ್ದುಷ್ಟವಾಗಿದ್ದಲ್ಲಿ ಅದರ ಮೈಯೆಲ್ಲ ಒಮ್ಮೆಲೇ ಸಮನಾಗಿ ಮಬ್ಬಾಗುತ್ತದೆ. ಎಲ್ಲಿಯಾದರೂ ದೋಷವಿದ್ದರೆ ಆ ಭಾಗದಿಂದ ಬಂದ ಬೆಳಕು ಅಲಗಿನ ಈಚೆಗೋ ಆಚೆಗೋ ಸರಿದು, ಅಲ್ಲಿ ಬೆಳಕು ಅಥವಾ ಕತ್ತಲೆ ಎದ್ದು ಕಾಣುತ್ತದೆ. ಈ ಪರೀಕ್ಷೆಯ ಮುಂದೆ ಕುಳಿತವರೆಲ್ಲರ ಅನುಭವವೂ ಒಂದೇ: ತಮ್ಮ ಕೈಯೋ ಉಸಿರೋ ಬೆಳಕಿನ ಹಾದಿಯ ಹತ್ತಿರ ಬಂದೊಡನೆ ದರ್ಪಣದ ಮೇಲೆ ಹೊಗೆಯಂಥ ಎಳೆಗಳು ಎದ್ದು ತಮ್ಮ ಕೆಲಸವನ್ನು ಕೆಡಿಸುತ್ತವೆ. ದರ್ಪಣಕಾರನಿಗೆ ಅದು ವಿಘ್ನ. 1864ರಲ್ಲಿ ಆಗಸ್ಟ್ ಟೋಪ್ಲರ್ ಎಂಬ ಜರ್ಮನಿಯ ವಿಜ್ಞಾನಿಗೆ ಆ ವಿಘ್ನವೇ ವಸ್ತುವಾಯಿತು. ಗಾಜಿನೊಳಗಿನ ಎಳೆಗೆ ತನ್ನ ಭಾಷೆಯಲ್ಲಿರುವ ಹೆಸರಿನಿಂದಲೇ ಅವನು ಅದನ್ನು ‘ಶ್ಲೀರೆನ್’ ವಿಧಾನವೆಂದು ಕರೆದನು. ಅವನಿಗಿಂತ ಎರಡು ಶತಮಾನಗಳಷ್ಟು ಹಿಂದೆ ಇಂಗ್ಲೆಂಡಿನ ರಾಬರ್ಟ್ ಹೂಕ್ ಮೇಣದ ಬತ್ತಿಯಿಂದೇಳುವ ಬಿಸಿಯನ್ನು ಮಸೂರದ ಮೂಲಕ ಇದೇ ಜಾಡಿನಲ್ಲಿ ಕಂಡಿದ್ದನೆಂಬುದನ್ನೂ ಇಲ್ಲಿ ನೆನೆಯಬೇಕು.

ಇದರ ಸೂಕ್ಷ್ಮತೆಯು ಎಷ್ಟೆಂಬುದನ್ನು ಲೆಕ್ಕ ಹಾಕಿದಾಗಲೇ ಅದರ ಸೊಗಸು ಮನದಟ್ಟಾಗುವುದು. ಸುತ್ತಣ ಗಾಳಿಗಿಂತ 10 ಡಿಗ್ರಿ ಹೆಚ್ಚು ಬೆಚ್ಚಗಿರುವ ಅಂಗೈಯಿಂದ ಮೇಲೇಳುವ ಗಾಳಿಯಲ್ಲಿ ಆ ವ್ಯತ್ಯಾಸವು ಒಂದು ಸೆಂಟಿಮೀಟರಿನೊಳಗೆ ಹರಡಿಕೊಂಡಿದೆಯೆಂದೂ, ಬೆಳಕು ಅದರೊಳಗೆ 10 ಸೆಂಟಿಮೀಟರ್ ಸಾಗುತ್ತದೆಂದೂ ಇಟ್ಟುಕೊಳ್ಳೋಣ. ಆಗ ಕಿರಣವು ಬಾಗುವುದು ಸುಮಾರು 20 ವಿಕಲೆ, ಎಂದರೆ ಒಂದು ಡಿಗ್ರಿಯ 3600 ಭಾಗಗಳಲ್ಲಿ ಇಪ್ಪತ್ತು. ಮನುಷ್ಯನ ಕಣ್ಣು ಬಿಡಿಸಿ ನೋಡಬಲ್ಲುದು 60 ವಿಕಲೆಗಳವರೆಗೆ ಮಾತ್ರ. ಆದುದರಿಂದಲೇ ಬದುಕಿರುವಷ್ಟು ಕಾಲವೂ ನಮ್ಮ ಮೈಯಿಂದ ಸದಾ ಮೇಲೇರುತ್ತಿರುವ ಈ ಬೆಚ್ಚನೆಯ ಹೊನಲನ್ನು ನಾವು ಒಮ್ಮೆಯೂ ಕಾಣದೆ ಇರುತ್ತೇವೆ. ಆದರೆ ಸಂಗಮದೂರ 1.2 ಮೀಟರ್ ಇರುವ, ಆರಂಗುಲ ವ್ಯಾಸದ ಒಂದು ಹವ್ಯಾಸಿಯ ದರ್ಪಣವನ್ನು ತೆಗೆದುಕೊಂಡು, 2.4 ಮೀಟರ್ ದೂರದಲ್ಲಿ ಬೆಳಕನ್ನೂ ಅಲಗನ್ನೂ ಇಟ್ಟರೆ, ಆ 20 ವಿಕಲೆಯ ಬಾಗು ಅಲಗಿನ ಬಳಿಯಲ್ಲಿ ಮಿಲಿಮೀಟರಿನ ಸುಮಾರು ನಾಲ್ಕನೆಯ ಒಂದು ಪಾಲಿನ ಸರಿತವಾಗುತ್ತದೆ. ಬೆಳಕು ಹೋಗುವಾಗಲೂ ಬರುವಾಗಲೂ ಅಂಗೈಯ ಗಾಳಿಯನ್ನು ಹಾಯುವುದರಿಂದ ಅದು ಇಮ್ಮಡಿಯಾಗುವುದೂ ಉಂಟು. ಅಲಗಿಗೆ ಇಷ್ಟು ಧಾರಾಳವಾಗಿ ಸಾಕು. ದರ್ಪಣ ತಯಾರಿಸುವ ಹವ್ಯಾಸಿಗಳಿಗೆ ಒಂದು ಸಮಾಧಾನದ ಮಾತನ್ನೂ ಹೇಳಬಹುದು: ದೂರದರ್ಶಕಕ್ಕಾಗಿ ದರ್ಪಣವನ್ನು ಗೋಳಾಕೃತಿಯಿಂದ ಪರವಲಯಕ್ಕೆ ತರುವ ಕಟ್ಟಕಡೆಯ ಕಷ್ಟದ ಹಂತವೇ ಈ ಪ್ರಯೋಗಕ್ಕೆ ಬೇಕಿಲ್ಲ; ಗೋಳಾಕೃತಿಯಲ್ಲೇ ನಿಂತ ದರ್ಪಣವೇ ಇಲ್ಲಿ ಮೇಲು. ಒಂದು ಕೊರತೆಯೂ ಇದೆ. ದರ್ಪಣವೆಷ್ಟು ದೊಡ್ಡದೋ ನೋಟವೂ ಅಷ್ಟೇ. ಆರಂಗುಲದ ಕಿಟಕಿಯಲ್ಲಿ ಅಂಗೈ ಹಿಡಿಸೀತು, ಅಡುಗೆಮನೆ ಹಿಡಿಸದು.

ಚಿತ್ರದಿಂದ ತೃಪ್ತರಾಗದೆ ಸಂಖ್ಯೆಯನ್ನು ಕೇಳುವವರು ವ್ಯತಿಕರಣಮಾಪಕದ ಕಡೆಗೆ ತಿರುಗುತ್ತಾರೆ. ಒಂದೇ ಬೆಳಕನ್ನು ಎರಡಾಗಿ ಸೀಳಿ, ಒಂದನ್ನು ಬಿಸಿಗಾಳಿಯಲ್ಲಿಯೂ ಇನ್ನೊಂದನ್ನು ತಣ್ಣನೆಯ ಗಾಳಿಯಲ್ಲಿಯೂ ಹಾಯಿಸಿ, ಮತ್ತೆ ಕೂಡಿಸಿದಾಗ ಮೂಡುವ ಕಪ್ಪುಬಿಳುಪು ಪಟ್ಟಿಗಳ ಸ್ಥಾನಪಲ್ಲಟವು ಸಾಂದ್ರತೆಯನ್ನೇ ನೇರವಾಗಿ ಹೇಳುತ್ತದೆ. ಕಾದ ಕಾವಲಿಯ ಮೇಲಣ ಗಾಳಿಯು ಸುತ್ತಲಿಗಿಂತ 100 ಡಿಗ್ರಿ ಹೆಚ್ಚು ಬಿಸಿಯಾಗಿದ್ದು ಬೆಳಕು ಅದರೊಳಗೆ 10 ಸೆಂಟಿಮೀಟರ್ ಸಾಗಿದರೆ ಹಸಿರು ಬೆಳಕಿನಲ್ಲಿ ಸುಮಾರು 12 ಪಟ್ಟಿಗಳು ಸರಿಯುತ್ತವೆ. ಅವುಗಳನ್ನು ಎಣಿಸಿ ಉಷ್ಣತೆಯನ್ನು ಬರೆದಿಡಬಹುದು. ಸರ್ ಸಿ.ವಿ. ರಾಮನ್ನರ ಶಿಷ್ಯರಾದ ಎಲ್.ಎ. ರಾಮದಾಸರು ಪರಾಂಜಪೆಯವರೊಡಗೂಡಿ, ಬಿಸಿಯಾದ ಮೇಲ್ಮೈಗೆ ಅತಿಸಮೀಪದಲ್ಲಿರುವ ಗಾಳಿಯ ಉಷ್ಣತೆಯನ್ನು ಅಳೆಯುವ ಇಂಥದೇ ಒಂದು ವಿಧಾನವನ್ನು 1936ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ವಿವರಿಸಿದರು. ಸ್ವಯಂ ರಾಮನ್ನರೂ ತಮ್ಮ ಎಪ್ಪತ್ತರ ವಯಸ್ಸಿನಲ್ಲಿ, ಸೋದರಿಯ ಮಗನಾದ ಎಸ್. ಪಂಚರತ್ನಮ್ ಅವರೊಡನೆ, ಮರೀಚಿಕೆಯ ದೃಗ್ವಿಜ್ಞಾನವನ್ನು ಕುರಿತು 1959ರಲ್ಲಿ ಪ್ರಬಂಧವನ್ನು ಪ್ರಕಟಿಸಿ, ಕಿರಣಗಳ ಲೆಕ್ಕವೊಂದೇ ಸಾಲದು, ಬೆಳಕಿನ ಅಲೆಗಳ ಲೆಕ್ಕವೂ ಬೇಕೆಂದು ತೋರಿಸಿದರು. ಕನಕಪುರ ರಸ್ತೆಯ ಮೇಲಿನ ಬಿಸಿಲ್ಗುದುರೆಯು ಈ ನಗರದ ಅತ್ಯುನ್ನತ ಬುದ್ಧಿಶಕ್ತಿಯೊಂದಕ್ಕೆ ಯೋಗ್ಯವಾದ ವಿಷಯವಾಗಿತ್ತೆಂಬುದನ್ನು ಮಕ್ಕಳಿಗೆ ಹೇಳಬೇಡವೆ? ಆದರೂ ಈ ಯಂತ್ರವನ್ನು ಶಾಲೆಗಳಿಗೆ ಶಿಫಾರಸು ಮಾಡಲು ನನಗೆ ಮನಸ್ಸಿಲ್ಲ. ಬೆಳಕಿನ ಅಲೆಯೊಂದರ ಉದ್ದವು ಮಿಲಿಮೀಟರಿನ ಎರಡು ಸಾವಿರದಲ್ಲಿ ಒಂದು ಪಾಲಿನಷ್ಟು. ಬಸ್ಸು ಹಾದರೂ, ಮೇಲ್ಸೇತುವೆಯ ಮೇಲೆ ಮೆಟ್ರೋ ರೈಲು ಹೋದರೂ ಆ ಪಟ್ಟಿಗಳು ಕದಡಿಹೋಗುತ್ತವೆ. ಅದರ ಸ್ಥಾನ ಭಾರವಾದ ಮೇಜಿರುವ ಸಂಶೋಧನಾಲಯ.

ಕಳೆದ ಕಾಲು ಶತಮಾನದಲ್ಲಿ ಮುಂದೆ ಬಂದಿರುವ ಮತ್ತೊಂದು ವಿಧಾನವನ್ನು ಹಿನ್ನೆಲೆಯ ಶ್ಲೀರೆನ್ ಎನ್ನಬಹುದು. ಇದರಲ್ಲಿ ದರ್ಪಣವಿಲ್ಲ, ಅಲಗಿಲ್ಲ. ಎರ್ರಾಬಿರ್ರಿ ಚುಕ್ಕೆಗಳನ್ನು ಅಚ್ಚುಹಾಕಿದ ಒಂದು ಹಾಳೆಯನ್ನು ಹಿಂದೆ ತೂಗಹಾಕಿ, ಬಿಸಿಗಾಳಿಯಿಲ್ಲದಾಗ ಒಂದು ಚಿತ್ರವನ್ನೂ ಇದ್ದಾಗ ಇನ್ನೊಂದು ಚಿತ್ರವನ್ನೂ ಅಲುಗದ ಕ್ಯಾಮರಾದಿಂದ ತೆಗೆದು, ಯಾವ ಚುಕ್ಕೆ ಎಷ್ಟು ಸರಿದಂತೆ ತೋರುತ್ತದೆಂಬುದನ್ನು ಗಣಕಯಂತ್ರದಿಂದ ಹೋಲಿಸಿ ನೋಡುವುದಷ್ಟೆ. ಹಿನ್ನೆಲೆಯು ಮನುಷ್ಯನಿರ್ಮಿತವಾಗಿಯೇ ಇರಬೇಕೆಂಬ ನಿಯಮವೂ ಇಲ್ಲ. 2019ರಲ್ಲಿ ಅಮೆರಿಕದ ನಾಸಾ ಸಂಸ್ಥೆಯು ಪ್ರಕಟಿಸಿದ, ಶಬ್ದವೇಗವನ್ನು ಮೀರಿ ಹಾರುವ ಎರಡು ವಿಮಾನಗಳ ಆಘಾತತರಂಗಗಳು ಒಂದನ್ನೊಂದು ಕೂಡುವ ಚಿತ್ರಗಳಲ್ಲಿ ಹಿನ್ನೆಲೆಯಾಗಿ ಒದಗಿದ್ದು ಕೆಳಗಿನ ಮರುಭೂಮಿಯೇ. ಜಯನಗರದ ಸಾಲುಮರಗಳ ಎಲೆಗಳು ಗಾಳಿಗೆ ಆಡುವುದರಿಂದ ಈ ಕೆಲಸಕ್ಕೆ ಒದಗುವುದಿಲ್ಲ. ಆದರೆ ಲಾಲ್‌ಬಾಗಿನ ಬಂಡೆಯು, ಸುಮಾರು 300 ಕೋಟಿ ವರ್ಷಗಳ ಆ ಪುರಾತನ ಶಿಲೆಯು, ತನ್ನ ಬಿಳಿಯ ಕರಿಯ ಪಟ್ಟೆಗಳಿಂದಲೂ ಚುಕ್ಕೆಗಳಿಂದಲೂ ಇದಕ್ಕಾಗಿಯೇ ಹಾಸಿಟ್ಟಂತಿದೆ. ಬೇಸಗೆಯ ಮಧ್ಯಾಹ್ನ ಆ ಬಂಡೆಯ ಮೈಯಿಂದೇಳುವ ಝಳವನ್ನು ಅದೇ ಬಂಡೆಯ ಪಟ್ಟೆಗಳನ್ನು ಸಾಕ್ಷಿಯಾಗಿಟ್ಟುಕೊಂಡು ಚಿತ್ರಿಸಬಹುದೆಂಬ ಆಲೋಚನೆಯೇ ನನಗೆ ಹರ್ಷವನ್ನುಂಟುಮಾಡುತ್ತದೆ.

ಈ ವಿಧಾನಕ್ಕೆ ನಾಗರಿಕ ಪ್ರಯೋಜನವೊಂದು ಉಂಟು. ಬಿ.ಟಿ.ಎಂ. ಬಡಾವಣೆಯ ಒಳರಸ್ತೆಗಳಲ್ಲಿ ಮನೆಗೆ ಮನೆ ತಾಗಿಕೊಂಡು, ಎರಡು ಗೋಡೆಗಳ ನಡುವೆ ಕೆಲವೇ ಅಡಿಗಳ ಸಂದು ಉಳಿದಿರುವ ಕಡೆ, ಒಬ್ಬರ ಹವಾನಿಯಂತ್ರಕದ ಹೊರಯಂತ್ರವು ಕಕ್ಕುವ ಬಿಸಿಯು ಇನ್ನೊಬ್ಬರ ಮಲಗುವ ಕೋಣೆಯ ಕಿಟಕಿಗೆ ನುಗ್ಗುವುದೂ, ಉಪಾಹಾರಗೃಹದ ಒಲೆಯ ಝಳವು ಮೇಲಂತಸ್ತಿನ ಬಾಲ್ಕನಿಗೆ ಏರುವುದೂ ನಿತ್ಯದ ವ್ಯಾಜ್ಯ. ದೂರುವವರೂ ನಿರಾಕರಿಸುವವರೂ ಕಾಣದ ಗಾಳಿಯ ವಿಷಯವಾಗಿ ವಾದಿಸುತ್ತಾರೆ. ಸಂದಿನ ಎದುರುಗೋಡೆಗೆ ಚುಕ್ಕೆಹಾಳೆಯೊಂದನ್ನು ಅಂಟಿಸಿ, ಯಂತ್ರ ನಿಂತಿರುವಾಗಲೂ ಓಡುವಾಗಲೂ ಚಿತ್ರ ತೆಗೆದರೆ, ಬಿಸಿಯು ಎತ್ತ ಹರಿಯುತ್ತದೆಂಬುದು ಉಭಯರ ಕಣ್ಣಮುಂದೆಯೂ ನಿಲ್ಲುತ್ತದೆ. ನಕ್ಷೆ ಮಂಜೂರು ಮಾಡುವ ಅಧಿಕಾರಿಗಳಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಇದು ಒಳ್ಳೆಯ ಅಭ್ಯಾಸವಾದೀತು. ಚಿತ್ರದ ನುಣುಪು ದರ್ಪಣದ ವಿಧಾನದಷ್ಟು ಇರುವುದಿಲ್ಲವೆಂಬುದು ನಿಜ. ಹಿನ್ನೆಲೆಯನ್ನು ಸ್ಫುಟವಾಗಿ ಹಿಡಿದ ಕ್ಯಾಮರಾಕ್ಕೆ ಮುನ್ನೆಲೆಯ ಗಾಳಿಯು ಮಸುಕಾಗಲೇಬೇಕು.

ಇನ್ನು ಜನಪ್ರಿಯವಾಗಿರುವ ಥರ್ಮಲ್ ಕ್ಯಾಮರಾದ ವಿಚಾರ. ಕೆಲವು ಕಾಲದ ಹಿಂದೆ ಒಂದು ವಿಜ್ಞಾನ ಪ್ರದರ್ಶನದಲ್ಲಿ, ಕೆಂಪು ಹಳದಿ ನೀಲಿಗಳ ಕೋಲಾಹಲದಿಂದ ಹೊಳೆಯುವ ಅದರ ಪರದೆಯನ್ನು ತೋರಿಸಿ, ‘ಇದೋ ನೋಡಿ, ಬಿಸಿಗಾಳಿ’ ಎಂದು ಮಕ್ಕಳಿಗೆ ವಿವರಿಸುತ್ತಿದ್ದುದನ್ನು ಕೇಳಿ ನನಗೆ ವ್ಯಥೆಯಾಯಿತು. ಪರದೆಯ ಮೇಲಿದ್ದುದು ಕಾದ ಪಾತ್ರೆ, ಕಾದ ಗೋಡೆ. ಒಣಗಾಳಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲಾಗಿರುವ ಸಾರಜನಕ ಆಮ್ಲಜನಕಗಳು ಅಂಥ ಕ್ಯಾಮರಾ ನೋಡುವ 8ರಿಂದ 14 ಮೈಕ್ರೋಮೀಟರುಗಳ ಅವಕೆಂಪು ಬೆಳಕನ್ನು ಹೊರಸೂಸುವುದೂ ಇಲ್ಲ, ಹೀರಿಕೊಳ್ಳುವುದೂ ಇಲ್ಲ. ಗಾಜಿನ ಆಚೆಗೆ ನಾವು ನೋಡುವಂತೆ ಆ ಕ್ಯಾಮರಾ ಗಾಳಿಯ ಆಚೆಗೆ ನೋಡುತ್ತದೆ. ತೆಳುವಾದ ಒಂದು ಕಾಗದವನ್ನು ಗಾಳಿಯ ದಾರಿಯಲ್ಲಿ ತೂಗಬಿಟ್ಟರೆ, ಬಿಸಿಗಾಳಿ ತಾಕಿದೆಡೆಯಲ್ಲಿ ಕಾಗದ ಬೆಚ್ಚಗಾಗಿ, ಅದರ ಚಿತ್ರವು ಬರುತ್ತದೆ. ಅದು ಪ್ರಾಮಾಣಿಕವಾದ ಬಳಕೆ. ಹಾಗೆ ಮಾಡದೆ, ಕ್ಯಾಮರಾ ಕಾಣದ್ದನ್ನು ಅದು ಕಂಡಿತೆಂದು ಮಕ್ಕಳ ಮನಸ್ಸಿನಲ್ಲಿ ಬಿತ್ತುವುದು ವಿದ್ಯಾದಾನಕ್ಕೆ ಬಗೆದ ಅಪಚಾರ. ಊದುಬತ್ತಿಯ ಹೊಗೆಯ ವಿಷಯದಲ್ಲಿಯೂ ಇಷ್ಟೇ ಎಚ್ಚರ ಬೇಕು: ಹೊಗೆಯು ತಾನು ಹೊರಟ ಬಿಂದುವನ್ನು ಹಾದ ಗಾಳಿಯ ಜಾಡನ್ನು ಹೇಳುತ್ತದೆ, ಬಿಸಿ ಎಲ್ಲಿದೆಯೆಂದು ಹೇಳುವುದಿಲ್ಲ. ಪ್ರಶ್ನೆಗೆ ತಕ್ಕ ಕಣ್ಣನ್ನು ಆಯ್ದುಕೊಳ್ಳುವುದು ಹೇಗೆಂಬುದಕ್ಕೆ ಉದಾತ್ತವಾದ ನಿದರ್ಶನ ನಮ್ಮ ವಿಜ್ಞಾನಿ ರೊದ್ದಂ ನರಸಿಂಹ ಅವರದು. ಕನ್ನಡದಲ್ಲಿ ವಿಜ್ಞಾನ ಬರೆದ ಆರ್.ಎಲ್. ನರಸಿಂಹಯ್ಯನವರ ಪುತ್ರರೂ ಗಾಂಧಿ ಬಜಾರಿನ ಆಚಾರ್ಯ ಪಾಠಶಾಲೆಯಲ್ಲಿ ಕಲಿತವರೂ ಆದ ಅವರು, ಬಿಸಿಗಾಳಿಯು ಮೇಲೇರಿ ಮೋಡವಾಗುವ ಬಗೆಯನ್ನು ಅರಿಯಲೆಂದು ಗಾಳಿಯನ್ನೇ ಬಿಟ್ಟು ನೀರಿಗೆ ಹೋದರು. ನೀರಿನ ತೊಟ್ಟಿಯಲ್ಲಿ ಏರುವ ಧಾರೆಯೊಂದಕ್ಕೆ ದಾರಿಯ ನಡುವೆ ವಿದ್ಯುತ್ತಿನಿಂದ ಶಾಖವುಣಿಸಿ, ಬಣ್ಣವನ್ನೂ ಲೇಸರ್ ಬೆಳಕಿನ ಹಾಳೆಯನ್ನೂ ಬಳಸಿ ಅವರು ಸಂಗಡಿಗರೊಡನೆ ಪಡೆದ ಮೋಡದ ಆಕೃತಿಗಳು 2011ರಲ್ಲಿ ಪ್ರಕಟವಾದವು.

ನಾನು ಕೇಳುವುದು ಅಂಥ ದೊಡ್ಡ ಸಾಧನೆಯನ್ನಲ್ಲ. ದಕ್ಷಿಣ ಬೆಂಗಳೂರಿನ ಪ್ರತಿಯೊಂದು ಪ್ರೌಢಶಾಲೆಗೂ ಆಗದಿದ್ದರೆ ಬಡಾವಣೆಗೊಂದರಂತೆಯಾದರೂ ಒಂದು ನಿಮ್ನದರ್ಪಣವು, ಗೋಡೆಗೆ ಭದ್ರವಾಗಿ ಕೂಡಿಕೊಂಡು, ಎಂಟಡಿ ದೂರದಲ್ಲಿ ಬೆಳಕು ಮತ್ತು ಅಲಗುಗಳೊಡನೆ, ಬೇಕೆಂದವರು ಬಂದು ನೋಡುವಂತೆ ನಿಲ್ಲಲಿ. 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಮ್ಮನ್ನು ಕಟ್ಟಿ, ವಿಜ್ಞಾನದ ಉಪನ್ಯಾಸವನ್ನು ಕೇಳಲು ವಾರವಾರವೂ ಬೀದಿಯ ಜನರನ್ನು ಕರೆದು ಕೂರಿಸಿದ ಎಚ್. ನರಸಿಂಹಯ್ಯನವರು ಸ್ವತಃ ಭೌತಶಾಸ್ತ್ರದ ಅಧ್ಯಾಪಕರು; ಪ್ರಶ್ನಿಸದೆ ಏನನ್ನೂ ಒಪ್ಪಬೇಡಿರೆಂದು ಜೀವನವಿಡೀ ಹೇಳಿದವರು. ಅವರ ನೆರೆಹೊರೆಯವರಾದ ನಾವು ಇಷ್ಟನ್ನೂ ಮಾಡಲಾರೆವೆಂದರೆ ನಂಬಲು ನಾನು ಸಿದ್ಧನಿಲ್ಲ. ದರ್ಪಣವನ್ನು ಕೊಳ್ಳಲಾಗದ ಶಾಲೆಯು ಚುಕ್ಕೆಹಾಳೆಯನ್ನು ಅಚ್ಚುಹಾಕಲಿ. ಅದೂ ಆಗದಿದ್ದರೆ ಮಧ್ಯಾಹ್ನದ ಬಿಸಿಲೂ ಒಂದು ಹಣತೆಯೂ ಸುಣ್ಣದ ಗೋಡೆಯೂ ಇದ್ದೇ ಇವೆ.

ದರ್ಪಣ ನಿಂತ ಮೊದಲ ದಿನ ಉಪಾಧ್ಯಾಯರು ಏನನ್ನೂ ವಿವರಿಸದಿರಲಿ. ಹುಡುಗಿಯೊಬ್ಬಳು ಮುಂದೆ ಬಂದು ಬರಿಯ ಕೈಯನ್ನು ದರ್ಪಣದೆದುರು ಹಿಡಿದು, ತನ್ನ ಐದು ಬೆರಳುಗಳಿಂದಲೂ ಎಳೆಗಳು ಎದ್ದು ಮೇಲಕ್ಕೆ ಹೆಣೆದುಕೊಂಡು ಹೋಗುವುದನ್ನು ಬೇಕಾದಷ್ಟು ಹೊತ್ತು ನೋಡಲಿ. ಆಮೇಲೆ ಅದೇ ಕೈಗೆ ಒಂದು ಮಂಜುಗಡ್ಡೆಯ ತುಂಡನ್ನು ಕೊಟ್ಟು, ಈಗ ಎಳೆಗಳು ಎತ್ತ ಹೋಗುತ್ತವೆಂದು ಕೇಳಲಿ.